ಬಲಕ್ಕೆ ಎಳೆಯುವ ಲಾರಿಗಳು

ಆಟದ ಸಾಮಾನಿನ ಅಂಗಡಿಯ ಪಕ್ಕದಿಂದ ಮೇಲಿನ ಕೋಣೆಗೆ ಹೋಗುವ ಮೆಟ್ಟಿಲು ತುಂಬ ಕಡಿದು. ಕೈಯಲ್ಲಿ ರಿಮೋಟ್ ಲಾರಿ ಹಿಡಿದು ಹತ್ತುವವರು ಅರ್ಧಕ್ಕೇ ನಿಂತು ಉಸಿರು ಬಿಟ್ಟು ಅಲ್ಲಿಂದಲೇ ಕೂಗುತ್ತಾರೆ: "ಡ್ರೈವರಣ್ಣಾ, ಇದ್ದೀಯಾ?"

ಒಳಗಿಂದ ಬರುವ ಉತ್ತರ ಯಾವಾಗಲೂ ಒಂದೇ. "ಎಲ್ಲಿಗೆ ಹೋಗ್ಲಿ? ಬಾ."

ಕೋಣೆ ಉದ್ದಕ್ಕಿದೆ, ಅಗಲ ಕಡಿಮೆ. ಒಂದು ಕೊನೆಯಲ್ಲಿ ಸರಳು ಹಾಕಿದ ಕಿಟಕಿ. ಅದರ ಕೆಳಗೆ ಯಾವುದೋ ಹಳೆಯ ಬಾಗಿಲನ್ನು ಅಡ್ಡ ಮಲಗಿಸಿ ಮಾಡಿದ ಕೆಲಸದ ಮೇಜು. ಮಾತ್ರೆಯ ಖಾಲಿ ಡಬ್ಬಿಗಳಲ್ಲಿ ತರಾವರಿ ಸ್ಕ್ರೂಗಳು, ಹಲ್ಲುಜ್ಜಿ ಸವೆದ ಬ್ರಷ್ಷು, ಗ್ರೀಸಿನ ಟ್ಯೂಬು. ಗೋಡೆಯ ಹಲಗೆಗಳ ಮೇಲೆ ರಿಪೇರಿಗೆ ಬಂದ ಲಾರಿಗಳು ಮೂತಿ ಹೊರಗಿಟ್ಟು ಸಾಲಾಗಿ ನಿಂತಿರುತ್ತವೆ: ಮಣ್ಣು ಹೊರುವ ಟಿಪ್ಪರ್, ಕಂಟೇನರ್ ಎಳೆಯುವ ಟ್ರೈಲರ್, ಹಾಲಿನ ಟ್ಯಾಂಕರ್. ಒಂದೊಂದೂ ಮೊಳದುದ್ದ, ಬಾಗಿಲಿನ ಹಿಡಿಯಿಂದ ಹಿಡಿದು ಹಿಂದಿನ ಕೆಂಪು ದೀಪದವರೆಗೆ ದೊಡ್ಡ ಲಾರಿಯ ಪಡಿಯಚ್ಚು. ಇವುಗಳ ಒಡೆಯರೆಲ್ಲ ಮೀಸೆ ನರೆತವರು. ರಜೆಯ ದಿನ ಮುಚ್ಚಿದ ಗೋದಾಮಿನ ಹಿಂದಿನ ಸಿಮೆಂಟ್ ಅಂಗಳದಲ್ಲಿ ಸೀಮೆಸುಣ್ಣದಿಂದ ರಸ್ತೆ ಬರೆದು, ಮರಳು ತುಂಬಿ, ರಿವರ್ಸ್ ಹಾಕಿ, ಮರಳು ಸುರಿದು, ಒಬ್ಬರನ್ನೊಬ್ಬರು ಬೈದುಕೊಂಡು ಊಟದ ಹೊತ್ತಿಗೆ ಮನೆ ಸೇರುವವರು. ಅವರ ಹೆಂಡತಿಯರ ಪ್ರಕಾರ ಬುದ್ಧಿ ಮೊಣಕಾಲಲ್ಲಿ ಇರುವವರು.

ಈ ಲಾರಿಗಳಿಗೆ ನೂರೆಂಟು ಕಾಯಿಲೆ ಬಂದರೂ ಡ್ರೈವರಣ್ಣನ ಹತ್ತಿರ ಬರುವುದು ಬಹುಪಾಲು ಒಂದೇ: ಸ್ಟೇರಿಂಗ್. ಒಂದು ಪಕ್ಕಕ್ಕೆ ಎಳೆಯುತ್ತದೆ. ತಿರುಗಿಸಿದರೆ ತಿರುಗಿ, ಮತ್ತೆ ನೇರಕ್ಕೆ ಬರುವುದಿಲ್ಲ. ಇಲ್ಲವೇ ನಿಂತಲ್ಲೇ ಜ್ವರ ಬಂದವರ ಹಾಗೆ ಚಕ್ರ ನಡುಗಿಸುತ್ತದೆ. ಚಕ್ರ ತಿರುಗಿಸಲು ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟಾರೊಂದಿದೆ. ಸರ್ವೋ ಅನ್ನುತ್ತಾರೆ. ಅದರ ತಲೆಯ ಮೇಲೊಂದು ಪುಟ್ಟ ತೋಳು, ತೋಳಿನಿಂದ ಚಕ್ರಕ್ಕೆ ಒಂದು ಕಡ್ಡಿ. ತೋಳು ಕೂರುವ ಗೂಟದ ಸುತ್ತ ಸಣ್ಣ ಹಲ್ಲುಗಳಿವೆ. ಒಂದು ಹಲ್ಲು ಆಚೀಚೆ ಕೂತರೆ ಮುಗಿಯಿತು, ಲಾರಿ ಜನ್ಮವಿಡೀ ಒಂದೇ ಕಡೆ ಎಳೆಯುತ್ತದೆ.

ಒಡೆಯರು ಮಾಡುವ ತಪ್ಪೂ ಒಂದೇ. ರಿಮೋಟಿನಲ್ಲಿ ಟ್ರಿಮ್ ಅನ್ನುವ ಗುಂಡಿಯಿದೆ. ಲಾರಿ ಎಡಕ್ಕೆ ಎಳೆದರೆ ಆ ಗುಂಡಿಯನ್ನು ಬಲಕ್ಕೆ ತಿರುಗಿಸಿ ಸಮಾಧಾನ ಮಾಡಿಕೊಳ್ಳುತ್ತಾರೆ. ಲಾರಿ ನೇರ ಓಡುತ್ತದೆ, ರೋಗ ಹಾಗೇ ಒಳಗೆ ಕೂತಿರುತ್ತದೆ. ಆದ್ದರಿಂದ ಯಾರೇ ಬರಲಿ, ಡ್ರೈವರಣ್ಣ ಮೊದಲು ರಿಮೋಟ್ ಇಸಿದುಕೊಂಡು ಆ ಗುಂಡಿಯನ್ನು ಸೊನ್ನೆಗೆ ತರುತ್ತಾನೆ. "ಡಾಕ್ಟರ ಹತ್ತಿರ ಬರುವಾಗ ಪೌಡರ್ ಹಚ್ಕೊಂಡು ಬರಬಾರದು" ಅನ್ನುತ್ತಾನೆ. ಆಮೇಲೆ ಕರೆಂಟು ಕೊಟ್ಟು, ಸರ್ವೋ ತನ್ನ ನಡುಮಧ್ಯಕ್ಕೆ ಬಂದು ನಿಂತ ಮೇಲೆಯೇ ತೋಳು ಕೂರಿಸುವುದು. ಸಡಿಲ ಸ್ಕ್ರೂ ಬಿಗಿದು, ಕಡ್ಡಿಯ ಕೀಲಿಗೆ ಕೂತ ಮಣ್ಣನ್ನು ಬ್ರಷ್ಷಿನಿಂದ ತೆಗೆದು, ಒಂದು ಹನಿ ಎಣ್ಣೆ ಬಿಡುವುದು.

ಇಷ್ಟನ್ನು ಯಾರು ಬೇಕಾದರೂ ಕಲಿಯಬಹುದು. ಕೊನೆಯ ಕೆಲಸ ಮಾತ್ರ ಅವನದೇ. ಲಾರಿಯನ್ನು ನೆಲದ ಮೇಲಿಟ್ಟು, ಅದರ ಹಿಂದೆ ಹೊಟ್ಟೆಯಡಿಯಾಗಿ ಮಲಗಿ, ಗಲ್ಲವನ್ನು ನೆಲಕ್ಕೆ ಒತ್ತಿ, ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡುತ್ತಾನೆ. ಹಿಂದಿನ ಚಕ್ರ, ಮುಂದಿನ ಚಕ್ರ ಒಂದೇ ಗೆರೆಯಲ್ಲಿ ಕಾಣಬೇಕು. ಕಾಣದಿದ್ದರೆ ಕೈ ಚಾಚಿ ಕಡ್ಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಉಕ್ಕಿನ ಸ್ಕೇಲು ಹಿಡಿದು ಅಳೆಯುವವರನ್ನು ಕಂಡರೆ ಅವನಿಗೆ ಮೊದಲಿಂದಲೂ ಒಂದು ತಾತ್ಸಾರ. "ಸ್ಕೇಲು ಹಿಡ್ಕೊಂಡು ಲಾರಿ ಓಡಿಸಕ್ಕಾಗುತ್ತಾ?"

ಅವನು ಓಡಿಸಿದ್ದು ದೊಡ್ಡ ಲಾರಿ. ಮೀಸೆ ಮೂಡುವ ಹೊತ್ತಿಗೆ ಸಹಾಯಕನಾಗಿ ಹತ್ತಿದವನು, ಕೂದಲು ನರೆಯುವವರೆಗೆ ಇಳಿಯಲಿಲ್ಲ. ಬಂದರಿನಿಂದ ಒಳನಾಡಿಗೆ, ಒಳನಾಡಿನಿಂದ ಬಂದರಿಗೆ ಕಂಟೇನರ್ ಎಳೆದ. ಆ ದಾರಿಯ ಒಂದೊಂದು ತಿರುವಿಗೂ ಯಾವ ಗೇರು ಎಂಬುದು ಅವನ ಅಂಗೈಗೆ ಬಾಯಿಪಾಠ. ಒಂದು ದಿನ ದೂರದ ಫಲಕದ ನಡುವಿನ ಅಕ್ಷರಗಳೇ ಮಾಯವಾಗಿ ತುದಿಯವು ಮಾತ್ರ ಉಳಿದವು. ಬಲಗಣ್ಣಿನ ಹಿಂದಿನ ಪರದೆ ಹರಿದಿದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಹೆವಿ ಲೈಸೆನ್ಸ್ ಹೋಯಿತು. ಕಾರು ಓಡಿಸುವ ಲೈಸೆನ್ಸು ಉಳಿಯಿತು, ಆದರೆ ಕಾರೆಂದರೆ ಅವನ ಲೆಕ್ಕದಲ್ಲಿ ದೊಡ್ಡ ಸೈಜಿನ ಚಪ್ಪಲಿ.

ಮನೆಯಲ್ಲಿ ಕೂತ ಮೊದಲ ತಿಂಗಳುಗಳು ಕೆಟ್ಟವು. ಅಲುಗಾಡದ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಭಾರದ ಗಾಡಿ ಹೋದರೆ ಊಟ ಬಿಟ್ಟು ಕಿಟಕಿಗೆ ಹೋಗುತ್ತಿದ್ದ. ಹೆಂಡತಿಯ ತಮ್ಮ, ಆಟದ ಸಾಮಾನಿನ ಅಂಗಡಿಯವನು, ಒಂದು ದಿನ ಬಂದು ಹೇಳಿದ: "ಭಾವ, ದಿನಾ ಕೂತು ಗೋಡೆ ನೋಡ್ತೀರಲ್ಲ, ನಮ್ಮ ಅಂಗಡಿ ಮೇಲೆ ಬನ್ನಿ. ಅಲ್ಲೂ ಗೋಡೆ ಇದೆ." ಹೀಗೆ ಅವನು ಈ ಕೋಣೆಗೆ ಬಂದ. ಬಾಮೈದ ಕೆಳಗೆ ಲಾರಿ ಮಾರುತ್ತಾನೆ, ಭಾವ ಮೇಲೆ ರಿಪೇರಿ ಮಾಡುತ್ತಾನೆ.

ಕೆಲಸ ಒಗ್ಗಿತು. ಆಸೆ ಆರಲಿಲ್ಲ. ಆಪರೇಷನ್ ಆದ ಕಣ್ಣು ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ, ಎಡಗಣ್ಣು ಗಟ್ಟಿಯಾಗಿದೆ, ಮತ್ತೊಮ್ಮೆ ಲೈಸೆನ್ಸಿನ ಕಣ್ಣು ಪರೀಕ್ಷೆಗೆ ಕೂರಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಅವನು ದಿನ ಗೊತ್ತು ಮಾಡಿಸಿಕೊಂಡು ಬಂದ. ಪರೀಕ್ಷೆ ಇನ್ನೇನು ಮುಂದಿನ ವಾರ ಅನ್ನುವಾಗ ಅವನ ಹಳೆಯ ಮಾಲೀಕ ಫೋನು ಮಾಡಿದ.

"ಏನಯ್ಯಾ, ಆಟದ ಲಾರಿ ಹೇಗಿವೆ?"

"ಡೀಸೆಲ್ ಕೇಳಲ್ಲ ಸಾರ್. ಅದೊಂದು ಸುಖ."

"ಕೇಳೋದೊಂದು ಬಂದು ನಿಂತಿದೆ ನೋಡು. ಹೊಸ ಗಾಡಿ. ಇನ್ನೂ ಸೀಟಿನ ಪ್ಲಾಸ್ಟಿಕ್ ತೆಗೆದಿಲ್ಲ. ಬಂದರಿನ ದಾರಿಗೇ ಹಾಕೋಣ ಅಂತಿದ್ದೀನಿ. ನಿನ್ನ ಕಣ್ಣು ಏನನ್ನುತ್ತೆ?"

"ಮುಂದಿನ ವಾರ ಪರೀಕ್ಷೆ."

"ಪಾಸಾದ್ರೆ ಕೀ ನಿಂದು. ಇಲ್ಲಾಂದ್ರೆ ಮುಲಾಜಿಲ್ಲದೆ ಹೇಳ್ಬಿಡು. ಗಾಡಿ ಸುಮ್ನೆ ನಿಲ್ಸಕ್ಕಾಗಲ್ಲ."

ಆ ದಿನದಿಂದ ಡ್ರೈವರಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಟ್ಟದ ಮೇಲಿದ್ದ ಕ್ಯಾನ್ವಾಸ್ ಚೀಲ ಇಳಿಸಿದ. ರಸ್ತೆಯಲ್ಲಿ ಹೊದೆಯುತ್ತಿದ್ದ ಕಂಬಳಿಯನ್ನು ಬಿಸಿಲಿಗೆ ಹಾಕಿದ. ಕೆಲಸವಿಲ್ಲದ ಹೊತ್ತಿನಲ್ಲಿ ಪುಟ್ಟ ಟ್ರೈಲರನ್ನು ಕೋಣೆಯ ತುದಿಯಿಂದ ತುದಿಗೆ ರಿವರ್ಸ್ ತಂದು, ಮೇಜಿನ ಎರಡು ಕಾಲುಗಳ ನಡುವೆ ಒಂದೇ ಏಟಿಗೆ ನಿಲ್ಲಿಸುತ್ತಿದ್ದ. ರಿಮೋಟಿನ ಪಕ್ಕದಲ್ಲಿ ಸ್ಟೇರಿಂಗಿನ ಬದಲಿಗೆ ನಾಣ್ಯದಷ್ಟಗಲದ ಚಕ್ರವಿದೆ. ಅದನ್ನು ತಿರುಗಿಸುವಾಗ ಅವನ ಭುಜವೆರಡೂ ಕೂಡ ತಿರುಗುತ್ತಿದ್ದವು.

ಬೇಕರಿಯವನು ಬಂದದ್ದು ಈ ಉತ್ಸಾಹದ ನಡುವೆ. ಕಿವಿಯ ಹಿಂದೆ ಹಿಟ್ಟು, ಕಂಕುಳಲ್ಲಿ ಟಿಪ್ಪರ್.

"ಅಣ್ಣಾ, ಇದು ಮತ್ತೆ ಬಲಕ್ಕೆ ಎಳೀತಿದೆ."

"ಮೊನ್ನೆ ತಾನೇ ಮಾಡಿಕೊಟ್ಟೆ."

"ಮೊನ್ನೆ ತಾನೇ ತಗೊಂಡು ಹೋದೆ. ಅಂಗಳದಲ್ಲಿ ಎಲ್ಲರ ಮುಂದೆ ಸೀದಾ ಚರಂಡಿಗೆ ಹೋಯ್ತು. ಮರ್ಯಾದೆ ಹೋಗ್ಲಿ, ಮರಳೂ ಹೋಯ್ತು."

"ಗಾಡಿ ಎಳೀತಿಲ್ಲ, ನಿನ್ನ ಕೈ ಎಳೀತಿದೆ. ಹಿಟ್ಟು ನಾದಿ ನಾದಿ ಬಲಗೈಗೆ ಬಲ ಜಾಸ್ತಿ."

"ನಾನು ಎರಡೂ ಕೈಲಿ ನಾದೋದು" ಎಂದ ಬೇಕರಿಯವನು.

ಡ್ರೈವರಣ್ಣ ರಿಮೋಟ್ ಇಸಿದುಕೊಂಡ. ಗುಂಡಿ ಸೊನ್ನೆಯಲ್ಲೇ ಇತ್ತು. ಟಿಪ್ಪರನ್ನು ನೆಲಕ್ಕಿಟ್ಟು ಓಡಿಸಿದ. ಅದು ಕೋಣೆಯ ಆ ತುದಿಗೆ ದಾರ ಹಿಡಿದ ಹಾಗೆ ಹೋಗಿ ನಿಂತಿತು. "ನೋಡ್ಕೋ" ಎಂದ.

"ನೀನು ಓಡಿಸಿದ್ರೆ ಹೋಗುತ್ತೆ. ಎಲ್ಲಿ, ಕೊಡಿಲ್ಲಿ." ಬೇಕರಿಯವನು ಲಾರಿಯನ್ನು ವಾಪಸ್ ತಂದು, ಸ್ಟೇರಿಂಗಿನ ಚಕ್ರದಿಂದ ಬೆರಳು ತೆಗೆದು ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಓಡಿಸುವ ಗುಂಡಿಯನ್ನಷ್ಟೇ ಒತ್ತಿದ. ಟಿಪ್ಪರ್ ಅವಸರವಿಲ್ಲದೆ, ಗೊತ್ತಿರುವ ದಾರಿಯಲ್ಲಿ ಹೋಗುವ ಎತ್ತಿನ ಹಾಗೆ ಬಲಕ್ಕೆ ವಾಲುತ್ತ ಹೋಗಿ ಗೋಡೆಗೆ ಮೂತಿ ಇಟ್ಟಿತು.

ಡ್ರೈವರಣ್ಣ ಅದನ್ನು ಎತ್ತಿ ತಂದು ಕೋಣೆಯ ನಡುವಿಗಿಟ್ಟ. ಟಿಪ್ಪರಿನ ಹಿಂದೆ ಮಲಗಿದ. ಎಡಗಣ್ಣಿಗೆ ಮುಂದಿನ ಚಕ್ರ ತುಸು ಎಡಕ್ಕೇ ಕಂಡಿತು. ಎಡಕ್ಕಿರುವುದು ಬಲಕ್ಕೆ ಎಳೆಯುವುದು ಹೇಗೆ? ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿ, ಚಕ್ರ ನೇರ ಕಂಡ ಮೇಲೆ ಎದ್ದ. ಬೇಕರಿಯವನು ಮತ್ತೆ ಕೈ ಕಟ್ಟಿಕೊಂಡು ಓಡಿಸಿದ. ಟಿಪ್ಪರ್ ಈ ಸಲ ಮೊದಲಿಗಿಂತ ಬೇಗ ಗೋಡೆ ಸೇರಿತು.

"ಬಿಟ್ಟು ಹೋಗು. ನಾಳೆ ನೋಡ್ತೀನಿ."

ಬೇಕರಿಯವನು ಇಳಿದು ಹೋದ ಮೇಲೆ ಬಾಮೈದ ಮೇಲೆ ಬಂದ. ಬಾಗಿಲಲ್ಲೇ ನಿಂತು, ಹೇಳಲೋ ಬೇಡವೋ ಎಂಬಂತೆ ಕತ್ತು ಕೆರೆದುಕೊಂಡ.

"ಭಾವ, ಬೇಜಾರು ಮಾಡ್ಕೋಬೇಡಿ. ವಾಪಸ್ ಬಂದಿದ್ದು ಇದೇ ಮೊದಲಲ್ಲ. ಹಾಲಿನ ಟ್ಯಾಂಕರಿನವನೂ ಬಂದಿದ್ದ. ಆ ಟ್ರೈಲರಿನವರೂ ಫೋನ್ ಮಾಡಿದ್ರು. ನಿಮ್ಮ ಪರೀಕ್ಷೆ ಮುಗೀಲಿ ಆಮೇಲೆ ಹೇಳೋಣ ಅಂತಿದ್ದೆ. ಎಲ್ಲಾ ಬಲಕ್ಕೇ ಎಳೀತಾವಂತೆ."

"ಅದು ಹೇಗಾಗುತ್ತೆ? ಒಂದೊಂದು ಗಾಡಿಯ ಕಾಯಿಲೆ ಒಂದೊಂದು. ಒಂದು ಎಡಕ್ಕೆ ಎಳೀಬೇಕು, ಒಂದು ಬಲಕ್ಕೆ."

"ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ" ಎಂದು ಬಾಮೈದ ಸದ್ದಿಲ್ಲದೆ ಕೆಳಗಿಳಿದ.

ಸಂಜೆ ಮನೆಗೆ ಹೋದಾಗ ಹೆಂಡತಿ ಗೋಡೆಯ ಕನ್ನಡಿಯ ಮುಂದೆ ನಿಂತಿದ್ದಳು. ಅವಳು ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಗೋಡೆಯ ಮೇಲಿನ ಯಾವ ವಸ್ತುವನ್ನೂ ಅವಳು ಸುಮ್ಮನೆ ನೋಡುವುದಿಲ್ಲ.

"ರೀ, ಇದಕ್ಕೇನು ನಿಮ್ಮ ಮೇಲೆ ಹಟವೋ, ನಿಮಗೆ ಇದರ ಮೇಲೆ ಹಟವೋ? ನಾನು ದಿನಾ ನೇರ ಮಾಡಿ ಹೋಗ್ತೀನಿ, ನೀವು ದಿನಾ ವಾಲಿಸ್ತೀರಿ."

"ನೀನು ವಾಲಿಸಿ ಹೋಗ್ತೀಯ. ನಾನು ನೇರ ಮಾಡ್ತೀನಿ."

"ಹೊಲಿಗೆಯವಳಿಗೆ ನೇರ ಯಾವುದು ಅಂತ ಕಲಿಸ್ಬೇಡಿ" ಎಂದು ನಕ್ಕು ಅವಳು ಒಳಗೆ ಹೋದಳು. ಅವನು ಕನ್ನಡಿಯ ಮುಂದೆ ನಿಂತೇ ಇದ್ದ. ಅದನ್ನು ಮುಟ್ಟಲಿಲ್ಲ.

ಮರುದಿನ ಅಂಗಡಿಯ ಬಾಗಿಲು ತೆಗೆಯುವಾಗಲೇ ಬಂದು, ಬಾಮೈದನ ಗಲ್ಲಾದ ಬಳಿಯಿದ್ದ ಉಕ್ಕಿನ ಸ್ಕೇಲನ್ನು ಕೇಳದೆ ಎತ್ತಿಕೊಂಡು ಮೇಲೆ ಹೋದ. ಟಿಪ್ಪರಿನ ಹಿಂದಿನ ಚಕ್ರಕ್ಕೆ ಸ್ಕೇಲನ್ನು ಒತ್ತಿ ಹಿಡಿದರೆ ಅದು ಮುಂದಿನ ಚಕ್ರಕ್ಕೂ ಪೂರ್ತಿ ತಾಗಬೇಕು. ಅವನು ಕಣ್ಣು ಮುಚ್ಚಿ, ಬೆರಳಿನಿಂದ ಸಂದು ಹುಡುಕಿದ. ಮುಂದಿನ ಅಂಚಿನಲ್ಲಿ ಉಗುರು ಹೋಗುವಷ್ಟು ಜಾಗವಿತ್ತು. ಹಲಗೆಯಿಂದ ಇನ್ನೊಂದು ಟ್ಯಾಂಕರ್ ಇಳಿಸಿದ. ಅದೇ ಅಂಚು, ಅದೇ ಉಗುರು. ತಾನು ಸರಿ ಮಾಡಿ ಇಟ್ಟ ಒಂದೊಂದನ್ನೂ ಇಳಿಸಿ ನೋಡಿದ. ಒಂದೂ ಅವನ ಪರ ಸಾಕ್ಷಿ ಹೇಳಲಿಲ್ಲ. ಇನ್ನೂ ಕೈ ಹಚ್ಚದ ಹೊಸ ಗಿರಾಕಿಯ ಲಾರಿಯೊಂದಿತ್ತು. ಅದು ಎಡಕ್ಕೆ ಎಳೆಯುತ್ತಿತ್ತು. ಅದೊಂದಕ್ಕೆ ಮಾತ್ರ ತನ್ನದೇ ಆದ ಕಾಯಿಲೆಯಿತ್ತು.

ಹಾಗಾದರೆ ಅವನು ಓಡಿಸಿದಾಗ ಇವೆಲ್ಲ ನೇರ ಹೋದದ್ದು ಹೇಗೆ? ಅದಕ್ಕೆ ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾವ ರಸ್ತೆಯೂ ಸಮತಟ್ಟಲ್ಲ. ನಡು ಎತ್ತರ, ಅಂಚು ತಗ್ಗು. ಗಾಡಿ ಸದಾ ಅಂಚಿಗೆ ಜಾರಲು ನೋಡುತ್ತದೆ, ಡ್ರೈವರಿನ ಕೈ ಸದಾ ಚೂರು ಎಳೆದು ಹಿಡಿದಿರುತ್ತದೆ. ಹೊಸಬ ಲೆಕ್ಕ ಹಾಕಿ ಎಳೆಯುತ್ತಾನೆ. ಹಳಬನಿಗೆ ಎಳೆಯುತ್ತಿರುವುದೇ ಗೊತ್ತಾಗುವುದಿಲ್ಲ. ಕಣ್ಣು ಮಾಡಿದ ತಪ್ಪನ್ನು ಇಷ್ಟು ದಿನ ಕೈ ಮುಚ್ಚಿಹಾಕುತ್ತಿತ್ತು. ಅವನಿಗೊಂದು ಮಾತೂ ಹೇಳದೆ.

ಕಿಟಕಿಯ ಸರಳುಗಳ ನಡುಭಾಗ ಬಾಗಿದೆ, ತುಕ್ಕು ಹಿಡಿದಿರಬೇಕು ಎಂದು ಕೆಲವು ದಿನಗಳಿಂದ ಅವನಿಗೆ ಅನ್ನಿಸುತ್ತಿತ್ತು. ಈಗ ಅವುಗಳ ಮುಂದೆ ನಿಂತು ಬಲಗಣ್ಣು ಮುಚ್ಚಿದ. ಸರಳು ನಡುವೆ ಎಡಕ್ಕೆ ಸೊಂಟ ತಿರುಗಿಸಿದಂತೆ ಬಾಗಿತು. ಎಡಗಣ್ಣು ಮುಚ್ಚಿದ. ಆಪರೇಷನ್ ಆದ ಕಣ್ಣಿಗೆ ಎಲ್ಲವೂ ಮಂಕು, ಮಂಜಿನೊಳಗಿನದು. ಆದರೆ ಸರಳು ನೆಟ್ಟಗಿತ್ತು. ಮತ್ತೆ ಬಲಗಣ್ಣು ಮುಚ್ಚಿದ, ಮತ್ತೆ ಎಡಗಣ್ಣು. ಹಿಂದೆ ಬಲಗಣ್ಣಿಗೂ ಹೀಗೇ ಆಗಿತ್ತು. ಅಕ್ಷರ ಮಾಯವಾಗುವ ಮೊದಲು ಗೆರೆಗಳು ಬಾಗಿದ್ದವು. ಆಗ ಅದನ್ನು ಆಯಾಸ ಅಂದುಕೊಂಡಿದ್ದ.

ಕುರ್ಚಿ ಎಳೆದುಕೊಂಡು ಕೂತ. ಪರೀಕ್ಷೆಯಲ್ಲಿ ಏನು ಕೇಳುತ್ತಾರೆಂದು ಅವನಿಗೆ ಗೊತ್ತು. ದೂರದಲ್ಲಿ ಅಕ್ಷರದ ಹಲಗೆ, ಒಂದು ಕಣ್ಣು ಮುಚ್ಚಿ ಓದು, ಇನ್ನೊಂದು ಮುಚ್ಚಿ ಓದು. ಗೆರೆ ನೇರ ಕಾಣುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬಾಗಿದ ಅಕ್ಷರವೂ ಅಕ್ಷರವೇ, ಓದಲು ಬರುತ್ತದೆ. ಬರದಿದ್ದರೂ ಆ ಹಲಗೆ ಬಾಯಿಪಾಠವಾಗಿರುವ ಡ್ರೈವರುಗಳು ಎಷ್ಟೋ ಮಂದಿ; ಟೀ ಕುಡಿಯುತ್ತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. ಬಾಮೈದ ಬಾಯಿ ಬಿಡುವವನಲ್ಲ. ಬೇಕರಿಯವನಿಗೆ ಒಂದು ಹೊಸ ಸರ್ವೋ ಹಾಕಿಕೊಟ್ಟರೆ ಆಯಿತು. ಉಳಿದ ಸಾಕ್ಷಿಗಳು ಲಾರಿಗಳು ಮಾತ್ರ.

ಸೀಟಿನ ಪ್ಲಾಸ್ಟಿಕ್ ತೆಗೆಯುವ ಚರಚರ ಸದ್ದು ಅವನಿಗೆ ಕೇಳಿಸಿತು. ಹೊಸ ರಬ್ಬರಿನ ವಾಸನೆ. ಹೊತ್ತು ಹುಟ್ಟುವ ಮೊದಲು ಏರು ದಾರಿ ಮುಗಿಸಿದರೆ ಬೆಳಕು ಎದುರಿನಿಂದ ಬಂದು ತೊಡೆಯ ಮೇಲೆ ಬೀಳುತ್ತದೆ. ಎಂಜಿನ್ನಿನ ಬಿಸಿಗೆ ಪಾದ ಬೆಚ್ಚಗಾಗಿರುತ್ತದೆ. ಮಾತಾಡಲು ಯಾರೂ ಇರುವುದಿಲ್ಲ, ಮಾತು ಬೇಕೂ ಅನ್ನಿಸುವುದಿಲ್ಲ. ಆ ದಾರಿಯಲ್ಲೊಂದು ಕಿರು ಸೇತುವೆಯಿದೆ. ಎದುರಿನಿಂದಲೂ ಕಂಟೇನರ್ ಬಂದರೆ ಕನ್ನಡಿಗೆ ಕನ್ನಡಿ ಉಜ್ಜುವಷ್ಟು ಜಾಗ. ಅಲ್ಲಿ ಅವನು ಬ್ರೇಕ್ ಹಾಕಿದವನಲ್ಲ. ತಡೆಗೋಡೆಯ ಬಿಳಿ ಗೆರೆಯನ್ನು ಎಡಗಣ್ಣಿನ ಮೂಲೆಯಲ್ಲಿ ಇಟ್ಟುಕೊಂಡು ಹೋಗಿಬಿಡುತ್ತಿದ್ದ.

ಆ ಬಿಳಿ ಗೆರೆಯನ್ನು ಅವನು ಕೂತಲ್ಲಿಂದಲೇ ತುಂಬ ಹೊತ್ತು ನೋಡಿದ. ಆಮೇಲೆ ಎದ್ದು ಹೆಂಡತಿಯ ಕಾರ್ಖಾನೆಗೆ ನಡೆದ.

ಇಷ್ಟು ವರ್ಷದಲ್ಲಿ ಅವನು ಅಲ್ಲಿಗೆ ಹೋದವನೇ ಅಲ್ಲ. ಉದ್ದನೆಯ ಹಜಾರದಲ್ಲಿ ಹೊಲಿಗೆ ಮೆಷಿನ್ನುಗಳು ಸಾಲಾಗಿ ಗರಗರ ಅನ್ನುತ್ತಿದ್ದವು. ಪಕ್ಕದ ಮೆಷಿನ್ನಿನವಳು ಮೊದಲು ನೋಡಿ, "ಅಕ್ಕಾ, ನಿಮ್ಮೆಜಮಾನ್ರು ದಾರಿ ತಪ್ಪಿ ಬಂದಂಗಿದೆ" ಅಂದಳು. ಹೆಂಡತಿ ತಲೆಯೆತ್ತಿದಳು. ಅವಳ ಮುಂದೆ ಹೊಳೆಯ ಹಾಗೆ ನೀಲಿ ಬಟ್ಟೆ ಹರಡಿತ್ತು.

"ಏನ್ರೀ, ಅಂಗಡಿ ಬಿಟ್ಟು?"

ಅವನು ಬಟ್ಟೆಯ ಅಂಚಿನ ಬಿಳಿ ಹೊಲಿಗೆಯನ್ನು ತೋರಿಸಿದ. "ಇದು ನೇರ ಇದೆಯಾ?"

"ಇಲ್ಲದೆ ಏನು? ನೇರ ಇಲ್ಲದಿದ್ರೆ ಸಂಜೆ ಬಿಚ್ಚಿಸ್ತಾರೆ."

"ನನಗೆ ಇಲ್ಲಿ ಬಾಗಿದೆ." ಅವನು ಬೆರಳಿಟ್ಟು ತೋರಿಸಿದ. "ಇಲ್ಲಿಂದ ಇಲ್ಲಿವರೆಗೆ."

ಅವಳು ಹೊಲಿಗೆಯನ್ನು ನೋಡಲಿಲ್ಲ, ಅವನ ಮುಖ ನೋಡಿದಳು. ಮೆಷಿನ್ನಿನ ಸ್ವಿಚ್ ಆರಿಸಿದಳು. "ಯಾವ ಕಣ್ಣು?"

"ಒಳ್ಳೇದು."

"ಯಾವಾಗಿಂದ?"

"ಗೊತ್ತಿಲ್ಲ. ಲಾರಿಗಳಿಗೆ ಮೊದಲೇ ಗೊತ್ತಾಗಿದೆ. ನನಗೆ ಇವತ್ತು."

ಅವಳು ಕತ್ತರಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ, ಮೇಲ್ವಿಚಾರಕಿಯ ಹತ್ತಿರ ಹೋಗಿ ಎರಡು ಮಾತಾಡಿ, ಕೈಚೀಲ ಹೆಗಲಿಗೆ ಹಾಕಿಕೊಂಡು ಬಂದಳು. ಹೊರಗೆ ಬಂದದ್ದೇ ಆಸ್ಪತ್ರೆಗೆ ಫೋನು ಮಾಡಿ ಇವತ್ತೇ ಮಧ್ಯಾಹ್ನ ನೋಡುತ್ತಾರಾ ಎಂದು ವಿಚಾರಿಸಿದಳು. ನೋಡುತ್ತಾರಂತೆ. ತಡ ಮಾಡಬೇಡಿ ಎಂದರಂತೆ.

"ನಿನಗೆ ಒಳಗೊಳಗೆ ಖುಷಿನೇ ಇರಬೇಕು" ಎಂದ ಅವನು. "ಇನ್ನು ಎಲ್ಲಿಗೂ ಹೋಗಲ್ಲ."

"ಖುಷಿ?" ಅವಳು ನಡೆಯುತ್ತಲೇ ಹೇಳಿದಳು. "ನೀವು ಪಾಸಾಗಲಿ ಅಂತ ನನಗೆ ನಿಮಗಿಂತ ಜಾಸ್ತಿ ಇತ್ತು. ರಸ್ತೇಲಿದ್ದಾಗ ದಿನಾ ಫೋನ್ ಮಾಡ್ತಿದ್ರಿ. ಎಲ್ಲಿ ಟೀ ಕುಡಿದ್ರಿ, ಎಲ್ಲಿ ಮಳೆ ಬಂತು, ಯಾವನು ಅಡ್ಡ ಬಂದ, ಅವನಿಗೆ ಏನಂತ ಬೈದ್ರಿ, ಎಲ್ಲಾ ಹೇಳ್ತಿದ್ರಿ. ಮನೆಗೆ ಬಂದು ಕೂತ ಮೇಲೆ ನಿಮ್ಮ ಬಾಯಿಂದ ಬರೋದು ಎರಡೇ ಮಾತು. ಊಟ ಆಯ್ತಾ, ಲೈಟ್ ಆರಿಸ್ಲಾ. ಫೋನಲ್ಲಿ ಮಾತಾಡ್ತಿದ್ದ ಆ ಮನುಷ್ಯ ವಾಪಸ್ ಬರ್ತಾನೆ ಅಂತ ಕಂಬಳಿ ನಾನೇ ಮಗುಚಿ ಹಾಕಿ ಒಣಗಿಸಿದ್ದೆ."

ಅವನು ಸ್ವಲ್ಪ ದೂರ ಹೋದ ಮೇಲೆ, "ಆಸ್ಪತ್ರೆಗೆ ಮೊದಲು ಮಾಲೀಕರ ಲಾರಿ ಯಾರ್ಡಿಗೆ ಹೋಗಿ ಹೇಳ್ಬೇಕು. ಗಾಡಿ ಕಾಯ್ತಿರುತ್ತೆ" ಎಂದ.

"ಫೋನ್ ಮಾಡಿದ್ರೆ ಸಾಕಲ್ಲ?"

"ಸಾಕು" ಎಂದ, ಆದರೆ ಯಾರ್ಡಿನ ಕಡೆಗೇ ತಿರುಗಿದ. ಅವಳೂ ತಿರುಗಿದಳು.

ಲಾರಿ ಗೇಟಿನ ಒಳಗೇ ನಿಂತಿತ್ತು. ಕಡು ಹಸಿರು ಬಣ್ಣ. ಚಕ್ರಗಳ ಮೇಲೆ ಇನ್ನೂ ಕಾರ್ಖಾನೆಯ ಸೀಮೆಸುಣ್ಣದ ಗುರುತು. ಮಾಲೀಕ ಆಫೀಸಿನ ಕೋಣೆಯಿಂದ ಹೊರಬಂದು, ಅವನ ಹೆಂಡತಿಗೆ ಕೈಮುಗಿದು, ಮಾತಿಗೆ ಮೊದಲೇ ಕೀಯನ್ನು ಅವನ ಕೈಗೆ ಹಾಕಿದ. "ಮೊದಲು ಹತ್ತಿ ನೋಡು. ಮಾತು ಆಮೇಲೆ."

ಅವನು ಹತ್ತಿದ. ಹತ್ತಬಾರದಿತ್ತು ಎಂದು ಹತ್ತಿದ ಮೇಲೆ ಅನ್ನಿಸಿತು. ಸೀಟು ಅವನ ಭಾರಕ್ಕೆ ಉಸ್ಸೆಂದು ಕೂತಿತು. ಕೀ ತಿರುಗಿಸಿದ. ಎಂಜಿನ್ನಿನ ನಡುಕ ಪಾದದಿಂದ ಹತ್ತಿ ಮೊಣಕಾಲು, ಸೊಂಟ, ಬೆನ್ನು ದಾಟಿ ಹಲ್ಲಿನವರೆಗೆ ಬಂತು. ಸ್ಟೇರಿಂಗನ್ನು ಎರಡು ಬೆರಳಿನಷ್ಟು ಆಚೀಚೆ ಆಡಿಸಿದ. ಹೊಸದು, ಬಿಗಿ, ಒಂದು ಚೂರೂ ಸಡಿಲವಿಲ್ಲ. ಗೇರಿಗೆ ಕೈ ಹೋಯಿತು. ಅಂಗಳ ಖಾಲಿಯಿತ್ತು, ಒಂದು ಸುತ್ತು ಹಾಕಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಭ್ಯಾಸದಂತೆ ಮೊದಲು ಕನ್ನಡಿ ನೋಡಿದ. ಹಿಂದೆ ಅಂಗಳದ ಉದ್ದಕ್ಕೂ ಎಳೆದ ಹಳದಿ ಗೆರೆ ಕನ್ನಡಿಯ ನಡುವೆ ಬಂದು, ಅಲ್ಲಿ ಮೆಲ್ಲಗೆ ಪಕ್ಕಕ್ಕೆ ಬಾಗಿ, ಮತ್ತೆ ನೆಟ್ಟಗಾಗಿ ಹೋಗಿತ್ತು. ಅವನು ಕನ್ನಡಿಯನ್ನು ಆಚೆ ತಿರುಗಿಸಿದ, ಈಚೆ ತಿರುಗಿಸಿದ. ಬಾಗು ಕಣ್ಣಿನ ಜೊತೆಗೇ ಬಂತು.

ಎಂಜಿನ್ ಆರಿಸಿ ಇಳಿದು, ಕೀಯನ್ನು ಮಾಲೀಕನ ಅಂಗೈಯಲ್ಲಿಟ್ಟ.

"ಏನಯ್ಯಾ, ಕನ್ನಡಿ ಸರಿಯಿಲ್ವಾ?"

"ಕನ್ನಡಿ ಸರಿ ಇದೆ ಸಾರ್. ಇನ್ನೊಂದು ಕಣ್ಣೂ ಹೋಗ್ತಿದೆ."

ಮಾಲೀಕ ಅವನ ಹೆಂಡತಿಯ ಕಡೆ ನೋಡಿದ. ಅವಳು ನೆಲ ನೋಡುತ್ತಿದ್ದಳು. ಮಾಲೀಕ ಒಳ್ಳೆಯವನೇ, ಆದರೆ ವ್ಯಾಪಾರಿ. ಕೀಯನ್ನು ಮುಷ್ಟಿಯಲ್ಲಿ ಹಿಡಿದು, "ಯಾರಿಗೆ ಕೊಡ್ಲಿ ಹೇಳು. ನೀನು ಹೇಳಿದವರಿಗೆ ಕೊಡ್ತೀನಿ" ಎಂದ.

ಹೆಸರು ಬಾಯಿಗೆ ಬರಲು ತಡವಾಯಿತು. ಇದ್ದವನೊಬ್ಬನೇ: ಕುಳ್ಳ. ಹಿಂದೆ ಇವನ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂತು, ಇವನಿಂದ ಬೈಸಿಕೊಂಡೇ ಕೆಲಸ ಕಲಿತವನು. ಈಗ ಎರಡು ಮಕ್ಕಳ ತಂದೆ. ಇವನ ಲೈಸೆನ್ಸ್ ಹೋದ ಮೇಲೆ ಇವನ ಹಳೆಯ ಲಾರಿ ಓಡಿಸುತ್ತಿದ್ದವನೂ ಅವನೇ. ಅದಕ್ಕಾಗಿ ಡ್ರೈವರಣ್ಣ ಅವನ ಜೊತೆ ಮಾತು ಬಿಟ್ಟಿದ್ದ. ಅವನು ಮಾಡಿದ ತಪ್ಪು ಬೇರೆ ಏನೂ ಇರಲಿಲ್ಲ.

"ಕುಳ್ಳನಿಗೆ ಕೊಡಿ. ಇಳಿಜಾರಲ್ಲಿ ಬ್ರೇಕ್ ಜಾಸ್ತಿ ಒತ್ತುತ್ತಾನೆ. ಹೇಳಿದ್ರೆ ಕೇಳ್ತಾನೆ."

ಕುಳ್ಳ ಟೈರಿನ ಷೆಡ್ಡಿನಲ್ಲೇ ಇದ್ದ. ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದು, ವಿಷಯ ತಿಳಿದ ಮೇಲೆ ಎಲ್ಲಿ ನೋಡಬೇಕೆಂದು ಗೊತ್ತಾಗದೆ ಲಾರಿಯ ಚಕ್ರ ನೋಡುತ್ತ ನಿಂತ.

"ಅಣ್ಣಾ, ನಂಗೆ ಹಳೇದೇ ಸಾಕಾಗಿತ್ತು."

"ಸುಳ್ಳು ಹೇಳ್ಬೇಡ. ಯಾವ ಡ್ರೈವರಿಗೂ ಹಳೇದು ಸಾಕಾಗಲ್ಲ." ಡ್ರೈವರಣ್ಣ ಅವನ ಅಂಗಿಯ ಕಾಲರನ್ನು ಸರಿ ಮಾಡಿದ. "ಸ್ಟೇರಿಂಗಲ್ಲಿ ಒಂದು ಚೂರೂ ಸಡಿಲ ಇಲ್ಲ. ಹಳೇ ಗಾಡಿ ಥರ ಎಳೀಬೇಡ, ಪೂರ್ತಿ ತಿರುಗಿಬಿಡುತ್ತೆ. ಸೇತುವೆ ಹತ್ರ ಎದುರಿನವನಿಗೆ ದಾರಿ ಬಿಡು. ನಾನು ಬಿಡ್ತಿರಲಿಲ್ಲ, ನೀನು ಬಿಡು."

"ಆಯ್ತಣ್ಣ."

"ರಾತ್ರಿ ಎಲ್ಲಿ ನಿಲ್ಸಿದ್ರೂ ನನಗೊಂದು ಫೋನ್ ಮಾಡು" ಎಂದ. ಆಮೇಲೆ, ಹೆಂಡತಿ ಕೇಳಿಸಿಕೊಳ್ಳುತ್ತಿರುವುದನ್ನು ನೋಡಿ, "ಸುಮ್ನೆ. ದಾರಿ ಹೇಗಿದೆ ಅಂತ" ಎಂದು ಸೇರಿಸಿದ.

ಡೀಸೆಲ್ ತುಂಬಿಸಲು ಕುಳ್ಳ ಲಾರಿ ಹೊರಗೆ ತೆಗೆದ. ಗೇಟಿನ ಎರಡೂ ಕಂಬಗಳಿಗೆ ಸಮ ದೂರ ಬಿಟ್ಟು ದಾಟಿಸಿದ. ಡ್ರೈವರಣ್ಣ ಗೇಟಿನ ಹೊರಗೆ ಬಂದು ರಸ್ತೆಯಂಚಿನಲ್ಲಿ ನಿಂತ. ಲಾರಿಯ ಬೆನ್ನು ತಿರುವಿನಲ್ಲಿ ಮರೆಯಾಯಿತು, ಸದ್ದು ಉಳಿಯಿತು. ಮೊದಲ ಗೇರು, ಎರಡನೆಯದು. ಮೂರನೆಯದಕ್ಕೆ ಕುಳ್ಳ ತುಸು ತಡ ಮಾಡಿದ. ನಾಲ್ಕನೆಯದು ರೈಲ್ವೆ ಗೇಟು ದಾಟಿದ ಮೇಲೆ ಬರಬೇಕು. ಅವನು ತಲೆ ಓರೆ ಮಾಡಿ ಕಾದ. ಹೆಂಡತಿ ಪಕ್ಕದಲ್ಲಿ ಬಂದು ನಿಂತಳು.

ಅಷ್ಟರಲ್ಲಿ ಸಿಟಿ ಬಸ್ಸೊಂದು ಬಂದು ಅವರ ಮುಂದೆಯೇ ನಿಂತು ಗುರುಗುಟ್ಟತೊಡಗಿತು.

"ಇದೇ ಆಸ್ಪತ್ರೆ ಬಸ್ಸು. ಹತ್ತಿ" ಎಂದಳು ಅವಳು.

"ಒಂದ್ನಿಮಿಷ" ಎಂದ ಅವನು. ಬಸ್ಸಿನ ಸದ್ದಿನಾಚೆ ಕಿವಿಯಿಟ್ಟು ಹಾಗೇ ನಿಂತಿದ್ದ. ಕಂಡಕ್ಟರು ಎರಡನೇ ಸಲ ಕೂಗಿದಾಗ ಅವಳು ಅವನ ತೋಳು ಹಿಡಿದು, ಮೊದಲು ತಾನು ಹತ್ತಿದಳು.